ನೌಕರರು ಕೆಲಸದ ಒತ್ತಡವನ್ನು ಹೇಗೆ ನಿಭಾಯಿಸುತ್ತಾರೆ ಅಂತ ಅಳೆಯುವುದು ಹೇಗೆ?

ಒತ್ತಡ ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ. ಅದನ್ನು ಹೇಗೆ ನಿಭಾಯಿಸುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮೊದಲನೆಯದಕ್ಕೆ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ‘ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್’ ಅನ್ನುವ ಪ್ರಶ್ನಾವಳಿ ಇದೆ. ಜಾಸ್ತಿ ಬಳಕೆಯಲ್ಲಿರುವುದು 10 ಪ್ರಶ್ನೆಗಳದ್ದು. ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ, ಅಂಕ 0ರಿಂದ 40.

ಎರಡನೆಯದಕ್ಕೆ ಇನ್ನೊಬ್ಬ ಮನೋವಿಜ್ಞಾನಿ ಚಾರ್ಲ್ಸ್ ಕಾರ್ವರ್ 1997ರಲ್ಲಿ ಪ್ರಕಟಿಸಿದ ‘ಬ್ರೀಫ್ ಕೋಪ್’ (Brief COPE) ಅನ್ನುವ ಪ್ರಶ್ನಾವಳಿ ನೋಡಿ. ನಿಭಾಯಿಸುವ 14 ದಾರಿಗಳು, ಒಂದೊಂದಕ್ಕೆ ಎರಡರಂತೆ 28 ಹೇಳಿಕೆಗಳು. ಮುಂದೇನು ಮಾಡಬೇಕು ಅಂತ ಯೋಚಿಸುವುದು, ಬೇರೆಯವರ ನೆರವು ಕೇಳುವುದು, ಕುಡಿತಕ್ಕೆ ಇಳಿಯುವುದು, ತನ್ನನ್ನೇ ಬೈದುಕೊಳ್ಳುವುದು, ಹೀಗೆ. ‘ಕೆಲಸದಲ್ಲಿ ಒತ್ತಡ ಬಂದಾಗ’ ಅಂತ ಮೇಲೆ ಸ್ಪಷ್ಟವಾಗಿ ಬರೆಯಿರಿ. ದಯವಿಟ್ಟು ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡಬೇಡಿ. ಹಾಗೆ ಮಾಡಿದರೆ ನೆರವು ಕೇಳುವವರೂ ಕುಡಿಯುವವರೂ ಒಂದೇ ಥರ ಕಾಣುತ್ತಾರೆ, ಅಲ್ವಾ?

ಹೆಸರು ಬರೆಸಬೇಡಿ. ಐದು ಜನರ ತಂಡದಲ್ಲಿ ವಯಸ್ಸು, ಹುದ್ದೆ ಕೇಳಿದರೂ ಯಾರು ಅಂತ ಗೊತ್ತಾಗಿಬಿಡುತ್ತದೆ. ಆ ಭಯ ಇದ್ದರೆ ಜನ ಸುಮ್ನೆ ‘ಎಲ್ಲಾ ಚೆನ್ನಾಗಿದೆ’ ಅನ್ನುವ ಕಡೆ ಗುರುತು ಹಾಕಿ ಎದ್ದುಹೋಗುತ್ತಾರೆ.

ಮತ್ತೆ, ಕೆಲಸದ ಹೊರೆ ಎಷ್ಟು, ಆ ಕೆಲಸದ ಮೇಲೆ ಅವರಿಗೆ ಎಷ್ಟು ಹಿಡಿತ ಇದೆ ಅಂತಲೂ ಅದೇ ಹಾಳೆಯಲ್ಲಿ ಕೇಳಿ. ಮೂವರ ಕೆಲಸ ಒಬ್ಬರ ಮೇಲೆ ಬಿದ್ದಿದ್ದರೆ ಅದು ಅಲ್ಲೇ ಕಾಣಿಸುತ್ತದೆ.