ಸಬ್ಸಿಡಿಯ ಹಣ ಕೊನೆಗೆ ಯಾರ ಕೈ ಸೇರುತ್ತದೆ?

ಪ್ರಶ್ನೆ: ಬೆಂಬಲ ಬೆಲೆ, ಗೊಬ್ಬರ ಮತ್ತು ವಿದ್ಯುತ್ತಿನ ರಿಯಾಯಿತಿ, ಖಾತೆಗೆ ನೇರ ನಗದು ಈ ಮೂರರಲ್ಲಿ ರೈತನಿಗೆ ಹೆಚ್ಚು ಪ್ರಯೋಜನವಾಗುವುದು ಯಾವುದರಿಂದ? ನೇರ ನಗದಿನಲ್ಲಿ ಸೋರಿಕೆಯೇ ಇಲ್ಲ ಎನ್ನುವುದಾದರೆ ಸರ್ಕಾರಗಳು ಉಳಿದೆರಡನ್ನು ಏಕೆ ಕೈಬಿಡುತ್ತಿಲ್ಲ?

ಉತ್ತರ: ಹಣ ಯಾರ ಹೆಸರಿಗೆ ಬಿಡುಗಡೆಯಾಗುತ್ತದೆ ಎಂಬುದಕ್ಕಿಂತ ಅದನ್ನು ಯಾವುದಕ್ಕೆ ಜೋಡಿಸಲಾಗಿದೆ ಎಂಬುದನ್ನು ಮೊದಲು ನೋಡಬೇಕು. ಮಾರಿದ ಕ್ವಿಂಟಲಿಗೆ ಜೋಡಿಸಿದರೆ ಬೆಳೆ ಹೆಚ್ಚುತ್ತದೆ, ಗೊಬ್ಬರದ ಚೀಲಕ್ಕೆ ಜೋಡಿಸಿದರೆ ಗೊಬ್ಬರದ ಬಳಕೆ ಹೆಚ್ಚುತ್ತದೆ, ಎಕರೆಗೆ ಜೋಡಿಸಿದರೆ ಭೂಮಿಯ ಬೆಲೆಯೂ ಗೇಣಿಯೂ ಏರುತ್ತವೆ. ಪೂರೈಕೆಯನ್ನು ಸುಲಭವಾಗಿ ಹೆಚ್ಚಿಸಲಾಗದ ವಸ್ತು ಯಾರ ಒಡೆತನದಲ್ಲಿದೆಯೋ ಅವರ ಕಡೆಗೇ ಸಬ್ಸಿಡಿ ಹರಿದುಹೋಗುತ್ತದೆ. ಕೃಷಿಯಲ್ಲಿ ಆ ವಸ್ತು ಬಹುಮಟ್ಟಿಗೆ ಭೂಮಿಯೇ.

ಬೆಂಬಲ ಬೆಲೆಯನ್ನು ಮಾರುಕಟ್ಟೆ ದರಕ್ಕಿಂತ ಬಹಳ ಮೇಲೆ ನಿಗದಿ ಮಾಡಿದಾಗ ಬೆಳೆಯುವವರು ಹೆಚ್ಚಾಗಿ, ಕೊಳ್ಳುವವರು ಕಡಿಮೆಯಾಗಿ, ಉಳಿದ ದಾಸ್ತಾನೆಲ್ಲ ಸರ್ಕಾರದ ತಲೆಯ ಮೇಲೆ ಬೀಳುತ್ತದೆ. ಯುರೋಪಿನಲ್ಲಿ ಬೆಣ್ಣೆಯ ದಾಸ್ತಾನು ಮಿತಿಮೀರಿ ಬೆಳೆದು, 1984ರಲ್ಲಿ ಹಾಲಿನ ಉತ್ಪಾದನೆಗೆ ಕೋಟಾ ಹೇರಬೇಕಾಯಿತು; ಅದು ತೆರವಾದದ್ದು 2015ರಲ್ಲಿ. ಥಾಯ್ಲೆಂಡಿನ ಪ್ರಕರಣ ಇನ್ನೂ ಸ್ಪಷ್ಟ. ಜಗತ್ತಿಗೆ ಅತಿ ಹೆಚ್ಚು ಅಕ್ಕಿ ಮಾರುತ್ತಿದ್ದ ಆ ದೇಶ 2011ರಿಂದ ಮಾರುಕಟ್ಟೆ ದರಕ್ಕಿಂತ ಸುಮಾರು ಶೇ 50ರಷ್ಟು ಹೆಚ್ಚು ಕೊಟ್ಟು ರೈತರಿಂದ ಭತ್ತ ಖರೀದಿಸಿತು. ತಾನು ಅಕ್ಕಿಯನ್ನು ತಡೆಹಿಡಿದರೆ ಜಾಗತಿಕ ಬೆಲೆ ಏರುತ್ತದೆಂಬುದು ಅದರ ಎಣಿಕೆ. ಅದೇ ವರ್ಷ ಭಾರತ ಬಾಸ್ಮತಿಯಲ್ಲದ ಅಕ್ಕಿಯ ರಫ್ತು ನಿಷೇಧವನ್ನು ಸಡಿಲಿಸಿತು, ಎಣಿಕೆ ತಲೆಕೆಳಗಾಯಿತು. 2012ರಲ್ಲಿ ಥಾಯ್ಲೆಂಡ್ ರಫ್ತಿನ ಮೊದಲ ಸ್ಥಾನವನ್ನು ಕಳೆದುಕೊಂಡಿತು, 2014ರಲ್ಲಿ ಯೋಜನೆ ನಿಂತಿತು. ಇದರ ಜೊತೆಗೆ, ಮಾರಲು ಹೆಚ್ಚು ಧಾನ್ಯವಿದ್ದವನಿಗೆ ಹೆಚ್ಚು ಲಾಭವಾಗುವುದು ಬೆಂಬಲ ಬೆಲೆಯ ಸ್ವಭಾವದಲ್ಲೇ ಇದೆ. ವರ್ಷದ ಕೆಲವು ತಿಂಗಳು ತಾನೇ ಧಾನ್ಯ ಕೊಂಡು ತಿನ್ನುವ ಸಣ್ಣ ಹಿಡುವಳಿದಾರನಿಗೆ ಬೆಲೆ ಏರಿಕೆ ನಷ್ಟವನ್ನೇ ತರಬಹುದು.

ಗೊಬ್ಬರ, ವಿದ್ಯುತ್ತಿನ ರಿಯಾಯಿತಿಯಲ್ಲಿ ತೊಂದರೆ ಬೇರೆ ಬಗೆಯದು. ಭಾರತವು 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿಯನ್ನು ಜಾರಿಗೆ ತಂದು ರಂಜಕ, ಪೊಟ್ಯಾಷ್ ಗೊಬ್ಬರಗಳ ಮಾರಾಟ ದರವನ್ನು ಕಂಪನಿಗಳಿಗೆ ಬಿಟ್ಟಿತು, ಯೂರಿಯಾವನ್ನು ಮಾತ್ರ ಹೊರಗಿಟ್ಟಿತು. ಉಳಿದವು ದುಬಾರಿಯಾದಂತೆ ಯೂರಿಯಾ ಇನ್ನಷ್ಟು ಅಗ್ಗವಾಗಿ ಕಂಡಿತು, ಮಣ್ಣಿಗೆ ಬೀಳುವ ಸಾರಜನಕದ ಪಾಲು ಅತಿಯಾಯಿತು. ಇಲ್ಲಿ ರೈತನ ಅಜ್ಞಾನವನ್ನು ದೂರುವುದು ತಪ್ಪು. ದರಪಟ್ಟಿ ಹೇಳಿದ್ದನ್ನೇ ಅವನು ಮಾಡಿದ್ದಾನೆ. ಪಂಪ್‌ಸೆಟ್ಟಿನ ವಿದ್ಯುತ್ತೂ ಹಾಗೆಯೇ: ಅಶ್ವಶಕ್ತಿಯ ಲೆಕ್ಕದಲ್ಲಿ ನಿಗದಿತ ಶುಲ್ಕವಿದ್ದರೆ ಅಥವಾ ಶುಲ್ಕವೇ ಇಲ್ಲದಿದ್ದರೆ ಮುಂದಿನ ಒಂದು ಗಂಟೆ ನೀರೆತ್ತಲು ರೈತನಿಗೆ ಆಗುವ ಹೆಚ್ಚುವರಿ ಖರ್ಚು ಸೊನ್ನೆ, ಅಂತರ್ಜಲ ಇಳಿಯುವುದು ಅಲ್ಲಿಂದ. ಪಂಜಾಬ್ 2018ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಯೋಜನೆಯೊಂದರಲ್ಲಿ, ಪಂಪಿಗೆ ಇಂತಿಷ್ಟು ಯೂನಿಟ್ ಎಂದು ನಿಗದಿಪಡಿಸಿ, ಉಳಿಸಿದ ಪ್ರತಿ ಯೂನಿಟ್ಟಿಗೆ ರೈತನಿಗೇ ಹಣ ಕೊಡಲಾಯಿತು. ಸಬ್ಸಿಡಿ ಹೋಗಲಿಲ್ಲ, ಆದರೆ ಪಂಪ್ ನಿಲ್ಲಿಸುವುದಕ್ಕೂ ಒಂದು ಬೆಲೆ ಬಂತು. ಹೊಸ ತಳಿ, ಹೊಸ ಗೊಬ್ಬರವನ್ನು ರೈತರು ಇನ್ನೂ ಬಳಸಿ ನೋಡಿರದ ಕಡೆ ಕೆಲವು ವರ್ಷಗಳ ರಿಯಾಯಿತಿ ಸಮರ್ಥನೀಯವೆಂದೇ ನನ್ನ ಅಭಿಪ್ರಾಯ. ಆದರೆ ಇಂಥ ರಿಯಾಯಿತಿಗಳು ಹೇಳಿದ ಅವಧಿಗೆ ಮುಗಿದದ್ದು ಅಪರೂಪ.

ಇನ್ನು ನೇರ ನಗದು. ಯುರೋಪಿಯನ್ ಒಕ್ಕೂಟವು 1992ರಲ್ಲಿ ಧಾನ್ಯದ ಬೆಂಬಲ ಬೆಲೆಯನ್ನು ಇಳಿಸಿ ವಿಸ್ತೀರ್ಣಕ್ಕೆ ಪರಿಹಾರ ಕೊಡತೊಡಗಿತು, 2003ರ ಸುಧಾರಣೆಯಲ್ಲಿ ಪಾವತಿಯ ಬಹುಭಾಗವನ್ನು ಉತ್ಪಾದನೆಯಿಂದ ಬೇರ್ಪಡಿಸಿತು. ದಾಸ್ತಾನಿನ ಸಮಸ್ಯೆಯೇನೋ ತಗ್ಗಿತು, ಆದರೆ ಪಾವತಿ ಹೆಕ್ಟೇರಿಗೇ ಅಂಟಿಕೊಂಡಿತು. ಎಕರೆವಾರು ನಗದು ಬರುತ್ತದೆಂದು ತಿಳಿದ ಮಾಲೀಕ ಗೇಣಿ ಒಪ್ಪಂದ ನವೀಕರಿಸುವಾಗ ಸುಮ್ಮನಿರುವುದಿಲ್ಲ. ಅಮೆರಿಕದ ಗೇಣಿ ಜಮೀನುಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸಬ್ಸಿಡಿಯ ಪ್ರತಿ ಡಾಲರಿನಲ್ಲಿ ಸುಮಾರು 25 ಸೆಂಟ್ ಗೇಣಿಯ ರೂಪದಲ್ಲಿ ಮಾಲೀಕರಿಗೆ ಸೇರುತ್ತಿತ್ತು. ಮಧ್ಯವರ್ತಿ ನುಂಗಿದರೆ ಅದು ಸೋರಿಕೆಯೆಂದು ಲೆಕ್ಕಪತ್ರದಲ್ಲಿ ದಾಖಲಾಗುತ್ತದೆ, ಗೇಣಿ ಏರಿದರೆ ಯಾವ ಲೆಕ್ಕಪರಿಶೋಧಕನ ಕಣ್ಣಿಗೂ ಬೀಳುವುದಿಲ್ಲ. ತೆಲಂಗಾಣದ 2018ರ ರೈತ ಬಂಧು ಯೋಜನೆಯಲ್ಲಂತೂ ಎಕರೆವಾರು ಹಣ ಪಟ್ಟಾದಾರನಿಗೇ ಹೋಗುತ್ತಿದ್ದುದರಿಂದ ಉಳುವ ಗೇಣಿದಾರ ಪಟ್ಟಿಯಲ್ಲೇ ಇರಲಿಲ್ಲ.

ಹಾಗಾದರೆ ಹಳೆಯ ಸಬ್ಸಿಡಿಗಳನ್ನು ಏಕೆ ಕೈಬಿಡುವುದಿಲ್ಲ? ಓಟಿನ ಲೆಕ್ಕಾಚಾರ ಒಂದು ಕಾರಣ, ಅದು ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಚರ್ಚೆಗೆ ಬಾರದ ಕಾರಣವನ್ನು ಅರ್ಥಶಾಸ್ತ್ರಜ್ಞ ಗಾರ್ಡನ್ ಟಲಕ್ 1975ರಲ್ಲಿ ವಿವರಿಸಿದ್ದರು: ಸಬ್ಸಿಡಿ ಘೋಷಣೆಯಾದಾಗ ಭೂಮಿ ಇದ್ದವನು ಲಾಭ ಎಣಿಸಿಕೊಂಡು ಮಾರಿ ಹೋಗಿರುತ್ತಾನೆ, ಏರಿದ ಬೆಲೆಗೆ ಸಾಲ ಮಾಡಿ ಕೊಂಡ ಇಂದಿನ ರೈತನಿಗೆ ವಿಶೇಷ ಲಾಭವೇನೂ ಉಳಿದಿರುವುದಿಲ್ಲ, ಆದರೆ ಸಬ್ಸಿಡಿ ತೆಗೆದರೆ ನಷ್ಟ ಪೂರ್ತಿ ಅವನದೇ. ನ್ಯೂಜಿಲೆಂಡ್ 1984ರಿಂದ ಬಹುತೇಕ ಎಲ್ಲ ಕೃಷಿ ಸಬ್ಸಿಡಿಗಳನ್ನು ರದ್ದು ಮಾಡಿದಾಗ ಭೂಮಿಯ ಬೆಲೆ ಕುಸಿಯಿತು, ಸಾಲಗಳನ್ನು ಮರುಹೊಂದಿಸಬೇಕಾಯಿತು. 1980ರ ದಶಕದ ಆರಂಭದಲ್ಲಿ ಸುಮಾರು 7 ಕೋಟಿಯಿದ್ದ ಕುರಿಗಳ ಸಂಖ್ಯೆ ಈಗ 3 ಕೋಟಿಗೂ ಕಡಿಮೆ. ಕೃಷಿ ಮುಳುಗಲಿಲ್ಲ, ಹೈನುಗಾರಿಕೆ, ಅರಣ್ಯ, ದ್ರಾಕ್ಷಿಯ ಕಡೆಗೆ ಹೊರಳಿತು. ಆದರೆ ಹೊಲದಾಚೆ ಬೇರೆ ದುಡಿಮೆಯಿಲ್ಲದ ಕೋಟ್ಯಂತರ ಸಣ್ಣ ರೈತರಿರುವ ದೇಶಕ್ಕೆ ಈ ಮಾದರಿಯನ್ನು ಹಾಗೆಯೇ ಶಿಫಾರಸು ಮಾಡಲು ನಾನು ಸಿದ್ಧನಿಲ್ಲ.

ಆದಾಯಕ್ಕೆ ಆಸರೆಯೇ ಉದ್ದೇಶವಾದರೆ ನಗದು ಸರಿ, ಆದರೆ ಅದನ್ನು ಎಕರೆಗಲ್ಲದೆ ಕುಟುಂಬಕ್ಕೆ ಜೋಡಿಸಬೇಕು. ಒಡಿಶಾದ ಕಾಲಿಯಾ ಯೋಜನೆ ಗೇಣಿದಾರರನ್ನೂ ಭೂರಹಿತರನ್ನೂ ಸೇರಿಸಿಕೊಂಡಿದ್ದು ಆ ದಿಕ್ಕಿನ ಹೆಜ್ಜೆ. ಇಳುವರಿ ಹೆಚ್ಚಿಸುವುದು ಉದ್ದೇಶವಾದರೆ ಆ ಹಣ ಸಂಶೋಧನೆಗೆ, ಕಾಲುವೆಗೆ, ರಸ್ತೆಗೆ ಹೋಗುವುದು ಮೇಲು. ಎಲ್ಲಕ್ಕಿಂತ ಕಠಿಣವಾದದ್ದು ಉಳುವವನನ್ನು ಗುರುತಿಸುವ ಕೆಲಸ. ಆಂಧ್ರಪ್ರದೇಶ 2019ರ ಕಾಯ್ದೆಯಲ್ಲಿ, ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟದಂತೆ, 11 ತಿಂಗಳ ಅವಧಿಯ ಸಾಗುವಳಿದಾರರ ಕಾರ್ಡನ್ನು ರೂಪಿಸಿತು. ಆದರೆ ಅದಕ್ಕೆ ಮಾಲೀಕನ ಸಹಿ ಬೇಕು, ಬಾಯಿಮಾತಿನಲ್ಲೇ ಗೇಣಿಗೆ ಕೊಟ್ಟವರು ಸಹಿ ಹಾಕಲು ಹಿಂಜರಿಯುತ್ತಾರೆ.