ಸೋತ ತಂಡದ ಮೇಲಿನ ಭರವಸೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಧಾರವಾಡದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಮಗ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅಲ್ಲಿನ ಫುಟ್‌ಬಾಲ್ ತಂಡ ಕಳೆದ ವರ್ಷದ ಬಹುಪಾಲು ಪಂದ್ಯಗಳನ್ನು ಸೋತಿದೆ. ಕೆಲವೇ ವರ್ಷಗಳಲ್ಲಿ ಮೂರನೆಯ ಕೋಚ್ ಬಂದಿದ್ದಾರೆ. ಆದರೂ ಆಗಸ್ಟ್ ಹತ್ತಿರವಾದಂತೆ ಊರಿಗೆ ಊರೇ ‘ಈ ಸಲ ನೋಡಿ’ ಎನ್ನುತ್ತಿದೆಯಂತೆ, ಮಗನೂ ಇಡೀ ಋತುವಿನ ಟಿಕೆಟ್ ಕೊಂಡುಬಿಟ್ಟಿದ್ದಾನಂತೆ. ಇಂಥ ಆಸೆಗೆ ಏನಾದರೂ ಆಧಾರವಿದೆಯೆ ಎಂಬುದು ಅವರ ಮೊದಲ ಪ್ರಶ್ನೆ. ಓದಿಸಬೇಕಾದ ಸಂಸ್ಥೆ ಸೋಲುವ ತಂಡಕ್ಕಾಗಿ ವಿದ್ಯಾರ್ಥಿಗಳ ಶುಲ್ಕದಿಂದಲೂ ಹಣ ತೆಗೆಯುವುದು ಸರಿಯೆ ಎಂಬುದು ಎರಡನೆಯದು. ವಿಶ್ವವಿದ್ಯಾಲಯದ ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿರುವುದರಿಂದ ಹಾಕಿಲ್ಲ.

ಮಾನ್ಯರೆ,

ಇತರ ಓದುಗರಿಗಾಗಿ ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಆಟ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಒಂದು ತಂಡ ಸಾಮಾನ್ಯವಾಗಿ 12 ಪಂದ್ಯ ಆಡುತ್ತದೆ. ಆರು ಗೆದ್ದರೆ ‘ಬೌಲ್’ ಎಂದು ಕರೆಯುವ ಋತುವಿನ ಕೊನೆಯ ಪಂದ್ಯಕ್ಕೆ ಅರ್ಹತೆ ಸಿಗುತ್ತದೆ. ಮೂರೋ ನಾಲ್ಕೋ ಗೆಲ್ಲುವ ತಂಡದವರು ಆಗಸ್ಟ್‌ನಲ್ಲಿ ಬೆರಳು ಮಡಚಿ ಎಣಿಸುವುದು ಆ ಆರನ್ನೇ. ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ಮಾತ್ರ ಕಂಡವರಿಗೆ, ಒಂದು ಕಾಲೇಜು ತಂಡಕ್ಕಾಗಿ ಐವತ್ತು ಸಾವಿರ ಜನ ಕ್ರೀಡಾಂಗಣದಲ್ಲಿ ಸೇರುತ್ತಾರೆ ಎಂದರೆ ನಂಬುವುದು ಕಷ್ಟ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಆಸೆಗೆ ಆಧಾರ ಇರಬಹುದು, ಆದರೆ ಅದನ್ನು ಆಟಗಾರರ ಉತ್ಸಾಹದಲ್ಲಾಗಲಿ ಹೊಸ ಕೋಚ್ ಆಡುವ ಮಾತಿನಲ್ಲಾಗಲಿ ಹುಡುಕಬಾರದು. ವಿಶ್ವವಿದ್ಯಾಲಯವು ತನ್ನ ಸ್ಥಿತಿಯನ್ನು ಒಪ್ಪಿಕೊಂಡು, ಅದನ್ನು ಸರಿಪಡಿಸಲು ಬೇಕಾದಷ್ಟು ವರ್ಷಗಳನ್ನು ಕೊಡಲು ಸಿದ್ಧವಿದೆಯೆ ಎಂಬುದರಲ್ಲಿ ಹುಡುಕಬೇಕು. ಈ ಮಾತಿಗೆ ನನಗೆ ತಿಳಿದ ಅತ್ಯುತ್ತಮ ಸಾಕ್ಷಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ. ಅದರ ಕಥೆಯನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಆ ವಿಶ್ವವಿದ್ಯಾಲಯ ಇರುವುದು ಕಾನ್ಸಾಸ್ ರಾಜ್ಯದ ಮ್ಯಾನ್‌ಹ್ಯಾಟನ್ ಎಂಬ ಪುಟ್ಟ ಊರಿನಲ್ಲಿ. ದೇಶದ ಉನ್ನತ ವಿಭಾಗದಲ್ಲಿ 500 ಸೋಲುಗಳನ್ನು ಮೊದಲು ಮುಟ್ಟಿದ ತಂಡ ಅದು. 1980ರ ದಶಕದ ಕೊನೆಯ ಹೊತ್ತಿಗೆ ಅದರ ಇಡೀ ಇತಿಹಾಸದಲ್ಲಿ ಆಡಿದ ಬೌಲ್ ಪಂದ್ಯ ಒಂದೇ, 1982ರದು, ಅದನ್ನೂ ಸೋತಿತ್ತು. 1986ರ ಅಕ್ಟೋಬರ್‌ನಲ್ಲಿ ನೆರೆಯ ಕಾನ್ಸಾಸ್ ವಿಶ್ವವಿದ್ಯಾಲಯದ ವಿರುದ್ಧ ಗೆದ್ದ ಮೇಲೆ ಗೆಲುವೆಂಬುದೇ ನಿಂತುಹೋಯಿತು. 1987ರಲ್ಲಿ ಹತ್ತು ಸೋಲು, ಒಂದು ಡ್ರಾ. 1988ರಲ್ಲಿ ಆಡಿದ ಹನ್ನೊಂದೂ ಸೋಲು. ತಾನಿದ್ದ ‘ಬಿಗ್ ಎಯ್ಟ್’ ಒಕ್ಕೂಟದಲ್ಲಿ (ಪ್ರತಿವರ್ಷ ತಮ್ಮತಮ್ಮೊಳಗೇ ಆಡುವ ವಿಶ್ವವಿದ್ಯಾಲಯಗಳ ಗುಂಪು) ಉಳಿಯುವೆವೋ ಇಲ್ಲವೋ ಎಂಬ ಆತಂಕ ಆಡಳಿತದವರನ್ನು ಕಾಡುತ್ತಿತ್ತು. 1989ರ ಋತು ಆರಂಭವಾಗುವ ಹೊತ್ತಿಗೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ವಾರಪತ್ರಿಕೆ ಈ ತಂಡದ ವೈಫಲ್ಯದ ಮೇಲೆಯೇ ದೊಡ್ಡ ಲೇಖನವೊಂದನ್ನು ಪ್ರಕಟಿಸಿತು.

1986ರಲ್ಲಿ ಅಧ್ಯಕ್ಷರಾಗಿ ಬಂದಿದ್ದ ಜಾನ್ ವೆಫಾಲ್ಡ್ ಆಗ ಆಟವನ್ನು ಕೈಬಿಡುವ ದಾರಿ ಹಿಡಿಯದೆ, ಅದನ್ನು ನೇರ್ಪುಗೊಳಿಸುವುದು ವಿಶ್ವವಿದ್ಯಾಲಯದ್ದೇ ಕೆಲಸವೆಂದು ನಿಶ್ಚಯಿಸಿದರು. 1988ರ ನವೆಂಬರ್‌ನಲ್ಲಿ ಬಿಲ್ ಸ್ನೈಡರ್ ಕೋಚ್ ಆಗಿ ನೇಮಕಗೊಂಡರು. ಅಯೊವಾ ವಿಶ್ವವಿದ್ಯಾಲಯದಲ್ಲಿ ಹೇಡನ್ ಫ್ರೈ ಅವರ ಕೆಳಗೆ ಆಕ್ರಮಣ ವಿಭಾಗವನ್ನು ನೋಡಿಕೊಂಡಿದ್ದ ಸ್ನೈಡರ್, ದೊಡ್ಡ ತಂಡಗಳ ಮುಖ್ಯ ಕೋಚ್ ಆಗಿ ಅದುವರೆಗೆ ಕೆಲಸ ಮಾಡಿದವರಲ್ಲ. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ತಿರುವಿಗೆ ಅವಕಾಶ ಇರುವುದು ಇಲ್ಲೇ, ಅದನ್ನು ಹಗುರವಾಗಿ ಎಣಿಸುವಂತಿಲ್ಲ ಎಂಬರ್ಥದ ಅವರ ಮಾತನ್ನು ಆ ಊರಿನವರು ಈಗಲೂ ನೆನೆಯುತ್ತಾರೆ.

ಆ ತಿರುವು ಹೇಗೆ ಬಂತು ಎಂಬುದನ್ನು ಗಮನವಿಟ್ಟು ನೋಡಬೇಕು. 1989ರ ಮೊದಲ ಮೂರು ಪಂದ್ಯಗಳೂ ಸೋಲು. ಅವುಗಳಲ್ಲಿ ಒಂದು, ಕೆಳಗಿನ ವಿಭಾಗದ ನಾರ್ದರ್ನ್ ಅಯೊವಾ ಎದುರು 10–8ರ ಸೋಲು. ಹೊಸ ಕೋಚ್ ಬಂದರೂ ಏನೂ ಬದಲಾಗಿಲ್ಲ ಎಂದು ಯಾರಾದರೂ ಹೇಳಬಹುದಾಗಿದ್ದ ಸೋಲು. ಅಲ್ಲಿಗೆ ಗೆಲುವಿಲ್ಲದ ಸರಣಿ 30 ಪಂದ್ಯಗಳಿಗೆ ಮುಟ್ಟಿತು. ಸೆಪ್ಟೆಂಬರ್ 30ರಂದು ನಾರ್ತ್ ಟೆಕ್ಸಸ್ ವಿರುದ್ಧ, ಪಂದ್ಯದ ಕಟ್ಟಕಡೆಯ ಎಸೆತದಲ್ಲಿ ಕಾರ್ಲ್ ಸ್ಟ್ರಾ ಎಸೆದ ಚೆಂಡನ್ನು ಫ್ರಾಂಕ್ ಹೆರ್ನಾಂಡೆಜ್ ಹಿಡಿದಾಗ 20–17ರ ಗೆಲುವು ಬಂತು. ಆ ವರ್ಷದ ಏಕೈಕ ಗೆಲುವು ಅದು. ಋತು ಮುಗಿದದ್ದು 1–10ರಲ್ಲಿ, ಅಂದರೆ ಒಂದು ಗೆಲುವು, ಹತ್ತು ಸೋಲು. ಮರುವರ್ಷ 5–6, ಆಮೇಲೆ 7–4, ಮತ್ತೆ 1992ರಲ್ಲಿ ಹಿಂದಕ್ಕೆ ಜಾರಿ 5–6. ಐದನೆಯ ವರ್ಷ, 1993ರಲ್ಲಿ, ಒಂಬತ್ತು ಗೆಲುವು ಮತ್ತು ಕಾಪರ್ ಬೌಲ್‌ನಲ್ಲಿ ವಯೋಮಿಂಗ್ ಎದುರು 52–17ರ ಜಯ. ಅಲ್ಲಿಂದ ಸತತ ಹನ್ನೊಂದು ವರ್ಷ ಬೌಲ್ ಪಂದ್ಯಗಳು. 1968ರಿಂದ ಒಮ್ಮೆಯೂ ಸೋಲಿಸಲಾಗದಿದ್ದ ನೆಬ್ರಾಸ್ಕವನ್ನು 1998ರಲ್ಲಿ 40–30ರಿಂದ ಸೋಲಿಸಿದ ಆ ತಂಡ, ನಿಯಮಿತ ಋತುವಿನ ಹನ್ನೊಂದೂ ಪಂದ್ಯ ಗೆದ್ದು, ಕೋಚ್‌ಗಳು ಮತ ಹಾಕಿ ತಂಡಗಳಿಗೆ ಕೊಡುವ ಶ್ರೇಯಾಂಕದಲ್ಲಿ ದೇಶದ ಮೊದಲ ಸ್ಥಾನಕ್ಕೂ ಏರಿತು. 1992ರ ಜಾರುವಿಕೆಯನ್ನು ಕಂಡು ಸ್ನೈಡರ್ ಅವರನ್ನು ಮನೆಗೆ ಕಳಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಇಂದಿನ ಎಷ್ಟೋ ಆಡಳಿತ ಮಂಡಳಿಗಳು ಆ ಹಂತದಲ್ಲಿ ಕಳಿಸಿಬಿಡುತ್ತಿದ್ದವು ಎಂದೇ ನನ್ನ ಅನಿಸಿಕೆ.

ಸ್ನೈಡರ್ ಮಾಡಿದ ಕೆಲಸಗಳಲ್ಲಿ ಮಂತ್ರದಂಥದು ಯಾವುದೂ ಇರಲಿಲ್ಲ. ನಾಲ್ಕು ವರ್ಷದ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗದೆ ಕಾನ್ಸಾಸ್‌ನ ಎರಡು ವರ್ಷದ ಕಾಲೇಜುಗಳಲ್ಲಿ ಆಡುತ್ತಿದ್ದ ಹುಡುಗರನ್ನು ಹುಡುಕಿ ತಂದರು. ದೊಡ್ಡ ತಂಡಗಳು ಕಣ್ಣೆತ್ತಿಯೂ ನೋಡದಿದ್ದ ಹುಡುಗರು ಅವರಲ್ಲಿ ಅನೇಕರು. ಒಕ್ಕೂಟದ ಹೊರಗಿನ ಪಂದ್ಯಗಳಿಗೆ ತಮ್ಮ ಕೈಗೆ ನಿಲುಕುವ ಎದುರಾಳಿಗಳನ್ನೇ ಆರಿಸಿಕೊಂಡರು. ಇದಕ್ಕಾಗಿ ಪತ್ರಿಕೆಗಳು ವರ್ಷಗಟ್ಟಲೆ ಟೀಕಿಸಿದವು, ಆದರೆ ಮೂವತ್ತು ಪಂದ್ಯ ಗೆಲುವನ್ನೇ ಕಾಣದ ಹುಡುಗರಿಗೆ ಗೆಲ್ಲುವ ಅಭ್ಯಾಸವನ್ನು ಬೇರೆ ಯಾವ ರೀತಿಯಲ್ಲಿ ಕಲಿಸಬೇಕಿತ್ತೆಂದು ಆ ಟೀಕಾಕಾರರು ಹೇಳಿದ್ದನ್ನು ನಾನು ಓದಿಲ್ಲ. ತಂಡದ ಲಾಂಛನವನ್ನೂ ಬದಲಾಯಿಸಿದರು. ಬದ್ಧತೆ, ನಿಸ್ವಾರ್ಥ, ಒಗ್ಗಟ್ಟು, ದಿನದಿನವೂ ಸುಧಾರಣೆ ಎಂದು ಮುಂತಾಗಿ ಹದಿನಾರು ಗುರಿಗಳನ್ನು ಗೊತ್ತುಮಾಡಿ, ಎಲ್ಲಕ್ಕೂ ಅವನ್ನೇ ಅಳತೆಗೋಲಾಗಿಟ್ಟುಕೊಂಡರು. ‘ಇಷ್ಟು ಪಂದ್ಯ ಗೆಲ್ಲಬೇಕು’ ಎಂಬುದು ಆ ಹದಿನಾರರಲ್ಲಿ ಇಲ್ಲ.

ಈಗ ನಿಮ್ಮ ಮಗನ ಊರಿನ ಸಂಗತಿಗೆ ಬರುತ್ತೇನೆ. ಆ ಊರಿನವರು ‘ಈ ಸಲ ನೋಡಿ’ ಎನ್ನುವಾಗ ಅವರ ಕಣ್ಣ ಮುಂದೆ ಇರುವುದು ಬಹುಶಃ ಸ್ನೈಡರ್ ಅವರ ಐದು ವರ್ಷಗಳಲ್ಲ, ಇಂಡಿಯಾನಾ ವಿಶ್ವವಿದ್ಯಾಲಯದ ಎರಡೇ ವರ್ಷಗಳು. 2023ರಲ್ಲಿ 3–9 ಆಗಿದ್ದ, ಉನ್ನತ ವಿಭಾಗದ ಇತಿಹಾಸದಲ್ಲೇ ಅತಿ ಹೆಚ್ಚು ಸೋಲು ಕಂಡಿದ್ದ ಇಂಡಿಯಾನಾ, ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದ ಮೊದಲ ವರ್ಷವೇ ಹನ್ನೊಂದು ಪಂದ್ಯ ಗೆದ್ದಿತು. ಎರಡನೆಯ ವರ್ಷ ಓಹಾಯೊ ಸ್ಟೇಟ್ ತಂಡವನ್ನು 13–10ರಿಂದ ಮಣಿಸಿ ತನ್ನ ಒಕ್ಕೂಟವಾದ ಬಿಗ್ ಟೆನ್‌ನ ಪ್ರಶಸ್ತಿಯನ್ನೂ, 2026ರ ಜನವರಿಯಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. ವ್ಯಾಂಡರ್‌ಬಿಲ್ಟ್ ಕೂಡ 2023ರಲ್ಲಿ ಎರಡೇ ಪಂದ್ಯ ಗೆದ್ದಿದ್ದ ತಂಡ. ಮರುವರ್ಷದ ಅಕ್ಟೋಬರ್‌ನಲ್ಲಿ ಆಗ ಮೊದಲ ಶ್ರೇಯಾಂಕದಲ್ಲಿದ್ದ ಅಲಬಾಮಾವನ್ನು 40–35ರಿಂದ ಸೋಲಿಸಿತು. ವಿದ್ಯಾರ್ಥಿಗಳು ಗೋಲ್ ಕಂಬಗಳನ್ನು ಕಿತ್ತು ನ್ಯಾಶ್‌ವಿಲ್ ನಗರದ ಬೀದಿಗಳಲ್ಲಿ ಹೊತ್ತೊಯ್ದು ಕಂಬರ್‌ಲ್ಯಾಂಡ್ ನದಿಗೆ ಎಸೆದರು.

ಇಷ್ಟು ಬೇಗ ಆಗಲು ಕಾರಣ ನಿಯಮಗಳ ಬದಲಾವಣೆ. ಹಿಂದೆ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದು. ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬರುವಾಗ ಅಲ್ಲಿನ ಹದಿಮೂರು ಆಟಗಾರರು ಅವರ ಹಿಂದೆಯೇ ಬಂದರು. ವ್ಯಾಂಡರ್‌ಬಿಲ್ಟ್‌ನ ಕ್ವಾರ್ಟರ್‌ಬ್ಯಾಕ್ (ಆಕ್ರಮಣವನ್ನು ನಡೆಸುವ, ಚೆಂಡು ಎಸೆಯುವ ಆಟಗಾರ) ಡಿಯೇಗೊ ಪಾವಿಯಾ ಬಂದದ್ದು ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ. ಹೀಗೆ ಎರಡು ಋತುಗಳ ನಡುವೆಯೇ ಅರ್ಧ ತಂಡ ಹೊಸದಾಗಬಲ್ಲುದು.

ಆದರೆ ಬರುವ ಬಾಗಿಲಿನಿಂದಲೇ ಹೋಗುವವರೂ ಇದ್ದಾರೆ. ಬಡ ತಂಡವೊಂದು ಎರಡು ವರ್ಷ ತಿದ್ದಿ ಬೆಳೆಸಿದ ಹುಡುಗ ಮಿಂಚತೊಡಗಿದೊಡನೆ ಹೆಚ್ಚು ಹಣವಿರುವ ತಂಡ ಅವನನ್ನು ಕರೆದೊಯ್ಯುತ್ತದೆ. ಹುಡುಗನನ್ನು ನಾನು ದೂರುವುದಿಲ್ಲ. ಇಷ್ಟು ವರ್ಷ ಎಲ್ಲರೂ ಸಂಪಾದಿಸಿ ಅವನೊಬ್ಬ ಮಾತ್ರ ಸಂಪಾದಿಸಬಾರದೆಂಬ ವ್ಯವಸ್ಥೆ ಅನ್ಯಾಯದ್ದಾಗಿತ್ತು. ಆದರೂ ಋತುವಿನ ಮುನ್ನ ಸೋತ ತಂಡದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಹೊಸದಾಗಿ ಯಾರು ಬಂದರು ಎಂಬುದಕ್ಕಿಂತ ಕಳೆದ ವರ್ಷದವರಲ್ಲಿ ಯಾರು ಉಳಿದರು ಎಂಬುದೇ ಆಗಿರುತ್ತದೆ. ಅದರಲ್ಲೂ ಚೆಂಡಿನ ಎರಡೂ ಬದಿಯಲ್ಲಿ ಮುಂಚೂಣಿಯಲ್ಲಿ ನಿಲ್ಲುವ ಭಾರಿ ಮೈಯ ಲೈನ್‌ಮನ್‌ಗಳು ಉಳಿದಿದ್ದಾರೆಯೆ ಎಂದು ನಿಮ್ಮ ಮಗ ವಿಚಾರಿಸಲಿ. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದು ವಿರಳ, ಆದರೆ ಅವರು ಜೊತೆಯಲ್ಲಿ ಆಡಿ ಪಳಗದೆ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಚೆಂಡು ಎಸೆಯಲು ಪುರಸೊತ್ತು ಸಿಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡು ಮಾಡಿದ್ದು ಸೋಲುಗಳಲ್ಲ, ‘ಮೂರನೆಯ ಕೋಚ್’ ಎಂಬ ಮಾತು. ಇಂಡಿಯಾನಾದ ಯಶಸ್ಸು ಎಲ್ಲೆಡೆ ತಾಳ್ಮೆಯನ್ನು ಕೆಡಿಸಿದೆ. ಕೋಚ್‌ನ ಜೊತೆ ಅವರ ಸಹಾಯಕರೂ ಆಟದ ಪದ್ಧತಿಯೂ ಹೋಗುತ್ತವೆ, ಅವರನ್ನು ನಂಬಿ ಬಂದ ಹುಡುಗರೂ ಹೋಗುತ್ತಾರೆ. ಉಳಿದ ಒಪ್ಪಂದದ ಹಣ ಬೇರೆ ತೆರಬೇಕು. ಶ್ರೀಮಂತವಾದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ಜಿಂಬೊ ಫಿಷರ್ ಅವರನ್ನು ಬಿಡಿಸಿದಾಗ ಅವರಿಗೆ ಕೊಡಬೇಕಾದದ್ದು 7.5 ಕೋಟಿ ಡಾಲರಿಗೂ ಮೀರಿತ್ತು. ನಿಮ್ಮ ಮಗನ ವಿಶ್ವವಿದ್ಯಾಲಯಕ್ಕೆ ಅಂಥ ಶಕ್ತಿ ಇಲ್ಲ. ಈಗಿನ ಕೋಚ್‌ಗೆ ನಾಲ್ಕು ವರ್ಷವಾದರೂ ಕೊಡುತ್ತೇವೆಂದು ಆಡಳಿತದವರು ಬಾಯಿಬಿಟ್ಟು ಹೇಳಿದ್ದರೆ ಆಸೆಗೆ ಆಧಾರವಿದೆ ಎನ್ನುತ್ತೇನೆ. ಹೇಳದಿದ್ದರೆ ಊರಿನವರ ಆಸೆ ಕೇವಲ ಪ್ರೀತಿಯ ಮಾತು.

ಮೊದಲ ಒಂದೆರಡು ವಾರಗಳ ಫಲಿತಾಂಶ ನೋಡಿ ನೀವು ಗಾಬರಿಯಾಗಬೇಡಿ. ಇಂಥ ತಂಡಗಳು ಋತುವಿನ ಆರಂಭದಲ್ಲಿ ದೊಡ್ಡ ವಿಶ್ವವಿದ್ಯಾಲಯದ ಅಂಗಳಕ್ಕೆ ಹೋಗಿ ಆಡುವುದು ಹೆಚ್ಚಾಗಿ ಅವರು ಕೊಡುವ ಹಣಕ್ಕಾಗಿ. ಅಲ್ಲಿ ಸಾಮಾನ್ಯವಾಗಿ ದೊಡ್ಡ ಅಂತರದ ಸೋಲೇ ಆಗುತ್ತದೆ, ಆಟಗಾರರಿಗೆ ಪೆಟ್ಟೂ ಆಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ನಾರ್ದರ್ನ್ ಇಲಿನಾಯ್ ತಂಡ 14 ಲಕ್ಷ ಡಾಲರ್ ಪಡೆದು ನೋತ್ರೆ ಡೇಮ್‌ಗೆ ಹೋಗಿ, 16–14ರಿಂದ ಗೆದ್ದು ಬಂದದ್ದು ಅಪರೂಪದ ಪ್ರಸಂಗ. ತಂಡ ಸುಧಾರಿಸಿದೆಯೆ ಎಂಬುದು ತಿಳಿಯುವುದು ಸಮಬಲದ ಎದುರಾಳಿಯ ಮುಂದೆ, ಅಕ್ಟೋಬರ್‌ನಲ್ಲಿ, ಪಂದ್ಯದ ಕೊನೆಯ ಭಾಗವಾದ ನಾಲ್ಕನೆಯ ಕ್ವಾರ್ಟರ್‌ನಲ್ಲಿ.

ಇನ್ನು ಹಣದ ಪ್ರಶ್ನೆ. ಆಟವನ್ನೇ ನಿಲ್ಲಿಸಬಾರದೆ ಎಂದು ನೀವು ಕೇಳುತ್ತೀರಿ. ನಿಲ್ಲಿಸಿದವರಿದ್ದಾರೆ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮೊದಲ ವಿಜೇತ ಜೇ ಬರ್ವಾಂಗರ್ ಆಡಿದ ಷಿಕಾಗೊ ವಿಶ್ವವಿದ್ಯಾಲಯ, 1939ರಲ್ಲಿ ಮಿಷಿಗನ್ ಎದುರು 85–0ರಿಂದ ಸೋತ ಋತುವಿನ ನಂತರ, ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ನಾಯಕತ್ವದಲ್ಲಿ ಫುಟ್‌ಬಾಲನ್ನು ಕೈಬಿಟ್ಟಿತು. ಖಾಲಿ ಬಿದ್ದ ಆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆಯೇ 1942ರ ಡಿಸೆಂಬರ್ 2ರಂದು ಮಾನವ ನಿರ್ಮಿತ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಯಿತು. ವಿಶ್ವವಿದ್ಯಾಲಯದ ಕೀರ್ತಿಗೆ ಕುಂದು ಬರಲಿಲ್ಲ. ಇದಕ್ಕೆ ವಿರುದ್ಧವಾಗಿ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯ 2014ರ ಡಿಸೆಂಬರ್‌ನಲ್ಲಿ ಖರ್ಚಿನ ಕಾರಣ ಹೇಳಿ ತಂಡವನ್ನು ಮುಚ್ಚಿದಾಗ ನಗರದವರು ಸುಮ್ಮನಿರಲಿಲ್ಲ. ಅವರು ಕೊಟ್ಟ ಹಣದ ಭರವಸೆಯ ಮೇಲೆ ಮರುವರ್ಷ ಜೂನ್‌ನಲ್ಲಿ ನಿರ್ಧಾರ ಬದಲಾಯಿತು. ತಂಡವೇ ಇಲ್ಲದ ಎರಡು ಋತುಗಳಲ್ಲೂ ಕೋಚ್ ಬಿಲ್ ಕ್ಲಾರ್ಕ್ ಬಿಟ್ಟುಹೋಗಲಿಲ್ಲ. 2017ರಲ್ಲಿ ಮರಳಿದ ತಂಡ ಎಂಟು ಪಂದ್ಯ ಗೆದ್ದಿತು, 2018ರಲ್ಲಿ ತನ್ನ ಒಕ್ಕೂಟದ ಪ್ರಶಸ್ತಿಯನ್ನೇ ಗೆದ್ದಿತು.

ತಂಡ ಬೇಕೆನ್ನುವವರೇ ಅದರ ವೆಚ್ಚಕ್ಕೆ ಹೆಗಲು ಕೊಟ್ಟ ಕಾರಣಕ್ಕೆ ಬರ್ಮಿಂಗ್‌ಹ್ಯಾಮ್‌ನವರನ್ನು ನಾನು ಗೌರವಿಸುತ್ತೇನೆ. ಶುಲ್ಕದ ವಿಷಯದಲ್ಲಿ ನಿಮ್ಮ ಆಕ್ಷೇಪ ನ್ಯಾಯವಾದದ್ದು. ದೂರದರ್ಶನದ ಹಣ ಧಾರಾಳವಾಗಿ ಬರುವ ದೊಡ್ಡ ಒಕ್ಕೂಟಗಳ ಹೊರಗಿರುವ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗದ ವೆಚ್ಚದ ದೊಡ್ಡ ಪಾಲು ವಿದ್ಯಾರ್ಥಿ ಶುಲ್ಕ ಮತ್ತು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದ ಬರುತ್ತದೆ. ಪಂದ್ಯವನ್ನೇ ನೋಡದ, ಸಾಲ ಮಾಡಿ ಓದುತ್ತಿರುವ ಹುಡುಗಿಯೂ ಅದನ್ನು ತೆರುತ್ತಾಳೆ.

ಮಗ ಟಿಕೆಟ್ ಕೊಂಡದ್ದಕ್ಕೆ ಬೇಸರಿಸಬೇಡಿ. ಪರಊರಿನಲ್ಲಿ ಶನಿವಾರದ ಮಧ್ಯಾಹ್ನ ಸಾವಿರಾರು ಜನರ ನಡುವೆ ಒಂದೇ ಬಣ್ಣದ ಅಂಗಿ ತೊಟ್ಟು ನಿಲ್ಲುವುದು ಅವನಿಗೆ ಬೇಕಾಗಿದ್ದೀತು. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುವಂತೆ ಹೇಳಿ. ಸರ್ಕಾರಿ ವಿಶ್ವವಿದ್ಯಾಲಯಗಳು ಕ್ರೀಡೆಯ ಆದಾಯ ಮತ್ತು ವೆಚ್ಚದ ವರದಿಯನ್ನು ಪ್ರತಿವರ್ಷ ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಗೆ ಸಲ್ಲಿಸುತ್ತವೆ. ಅದನ್ನು ರಾಜ್ಯದ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ ಹಾಕಿ ಕೇಳಬಹುದು. ವಿದ್ಯಾರ್ಥಿ ಶುಲ್ಕದಿಂದ ಬಂದದ್ದೆಷ್ಟು, ಹಿಂದಿನ ಇಬ್ಬರು ಕೋಚ್‌ಗಳನ್ನು ಬಿಡಿಸಲು ಹೋದದ್ದೆಷ್ಟು ಎಂದು ಅದರಲ್ಲಿ ಬೇರೆ ಬೇರೆಯಾಗಿಯೇ ನಮೂದಾಗಿರುತ್ತದೆ. ಆ ಎರಡು ಅಂಕಿಗಳನ್ನು ಅವನು ಅಲ್ಲಿನ ವಿದ್ಯಾರ್ಥಿ ಸಂಘದ ಮುಂದೆ ಇಡಲಿ, ಮುಂದಿನ ವರ್ಷದ ಶುಲ್ಕ ನಿಗದಿಯಾಗುವ ಮೊದಲೇ.

— ಸಂಪಾದಕ