ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪ್ ಕ್ರ್ಯಾಶ್ ಆಗುತ್ತೆ, ತಾನಾಗಿಯೇ ಲಾಗೌಟ್ ಆಗುತ್ತೆ. ಫಾರ್ಮ್ಯಾಟ್ ಮಾಡಲೇಬೇಕಾ?

ಸದ್ಯಕ್ಕೆ ಬೇಡ. ನೀವು ಹೇಳಿರುವುದು ಇಷ್ಟು: ವಿಂಡೋಸ್ 10 ಇದ್ದ ಲ್ಯಾಪ್‌ಟಾಪನ್ನು ಒಂದು ವಾರದ ಹಿಂದೆ 11ಕ್ಕೆ ಏರಿಸಿದ್ದೀರಿ, ಅದರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಇದೆ. ದಿನಕ್ಕೆ ಎರಡು ಮೂರು ಸಲ ಪರದೆ ಕಪ್ಪಾಗಿ ಪಾಸ್‌ವರ್ಡ್ ಕೇಳುವ ಪುಟ ಬರುತ್ತದೆ, ತೆರೆದಿಟ್ಟ ಕೆಲಸ ಒಮ್ಮೊಮ್ಮೆ ಉಳಿದಿರುತ್ತದೆ, ಒಮ್ಮೊಮ್ಮೆ ಎಲ್ಲಾ ಹೋಗಿರುತ್ತದೆ. ಈ ಕೊನೆಯ ಮಾತಿನಲ್ಲೇ ಸುಳಿವಿದೆ. ನಿಮಗೆ ಆಗುತ್ತಿರುವುದು ಒಂದೇ ತೊಂದರೆ ಅಲ್ಲದಿರಬಹುದು.

ಎಲ್ಲಕ್ಕಿಂತ ಮೊದಲು ಒಂದು ಅವಸರದ ಕೆಲಸ. ಅಪ್‌ಗ್ರೇಡ್ ಆದ ಮೇಲೆ ಹಳೆಯ ವಿಂಡೋಸ್‌ಗೆ ಮರಳಲು ಇರುವ ಗಡುವು 10 ದಿನ. ನಿಮಗೆ ಏಳು ದಿನ ಕಳೆದಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅಡ್ಮಿನ್ ತೆರೆದು ಈ ಆಜ್ಞೆ ಕೊಡಿ (ಇಲ್ಲಿ ಬರೆದ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು): ಡಿಸ್ಮ್ /ಆನ್‌ಲೈನ್ /ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ /ವ್ಯಾಲ್ಯೂ:60. ಗಡುವು 60 ದಿನಕ್ಕೆ ಹೋಗುತ್ತದೆ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್‌ನಲ್ಲಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್' ಅಳಿಸಿಬಿಟ್ಟರೆ ಮರಳುವ ದಾರಿ ಅಲ್ಲಿಗೇ ಮುಚ್ಚಿತು, ಹಾಗಾಗಿ ಅದನ್ನು ಮುಟ್ಟಬೇಡಿ. ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡ್ರೈವ್‌ಗೆ ಇವತ್ತೇ ಹಾಕಿಕೊಳ್ಳಿ.

ಈಗ ತೊಂದರೆಗೆ ಬರೋಣ. ಪಾಸ್‌ವರ್ಡ್ ಪುಟ ಮೂರು ಬೇರೆ ಬೇರೆ ಕಾರಣಕ್ಕೆ ಬರುತ್ತದೆ: ಲಾಕ್ ಆಗಿರಬಹುದು, ಲಾಗೌಟ್ ಆಗಿರಬಹುದು, ಯಂತ್ರವೇ ಸತ್ತು ಮತ್ತೆ ಹುಟ್ಟಿರಬಹುದು. ಮುಂದಿನ ಸಲ ಹಾಗಾದ ತಕ್ಷಣ ಒಳಗೆ ಹೋಗಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ (ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ), ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ, ಕೆಳಗೆ 'ಅಪ್ ಟೈಮ್' ನೋಡಿ. ತೆರೆದಿದ್ದ ಕಿಟಕಿಗಳೆಲ್ಲ ಹಾಗೇ ಇದ್ದರೆ ಅದು ಬರೀ ಲಾಕ್. ಕಿಟಕಿಗಳು ಹೋಗಿವೆ, ಆದರೆ ಅಪ್ ಟೈಮ್ ಗಂಟೆಗಟ್ಟಲೆ ಇದೆ ಅಂದರೆ ಲಾಗೌಟ್. ಅಪ್ ಟೈಮ್ ಎರಡು ನಿಮಿಷ ಅಂತಿದ್ದರೆ ರೀಸ್ಟಾರ್ಟ್. ಈ ಒಂದು ನೋಟ ನಿಮ್ಮ ಅರ್ಧ ಕೆಲಸ ಉಳಿಸುತ್ತದೆ. ಇದನ್ನು ನೋಡದೆ ಡ್ರೈವರ್ (ಹಾರ್ಡ್‌ವೇರನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಬದಲಿಸುತ್ತಾ ಕೂರುವುದು ಕತ್ತಲಲ್ಲಿ ತಡಕಾಡಿದ ಹಾಗೆ.

ಲಾಕ್ ಆಗಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ 'ಡೈನಾಮಿಕ್ ಲಾಕ್' ಆನ್ ಇದೆಯಾ ನೋಡಿ. ಬ್ಲೂಟೂತ್‌ನಲ್ಲಿ ಜೋಡಿಸಿದ ಫೋನ್ ದೂರ ಹೋದರೆ, ಅಥವಾ ಅದರ ಬ್ಲೂಟೂತ್ ಕಡಿದುಹೋದರೆ, ಅದು ಲ್ಯಾಪ್‌ಟಾಪನ್ನು ಲಾಕ್ ಮಾಡುತ್ತದೆ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅವಧಿ ಬದಲಾಗಿದೆಯಾ ಎಂದೂ ನೋಡಿ.

ಉಳಿದೆರಡಕ್ಕೆ ಲಾಗ್ (ನಡೆದದ್ದನ್ನು ವಿಂಡೋಸ್ ಬರೆದಿಡುವ ದಾಖಲೆ) ಓದಬೇಕು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಇವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಸಿಸ್ಟಮ್. ಅಲ್ಲಿ ಕೆಂಪು ಗುರುತುಗಳು ನೂರಾರು ಕಾಣುತ್ತವೆ, ಗಾಬರಿ ಬೇಡ. ಚೆನ್ನಾಗಿರುವ ಯಂತ್ರದಲ್ಲೂ ಅವು ಇದ್ದೇ ಇರುತ್ತವೆ. ಪ್ರತಿ ಸಾಲಿನಲ್ಲೂ ಬರೆದವರ ಹೆಸರು ('ಸೋರ್ಸ್') ಮತ್ತು ಒಂದು ಸಂಖ್ಯೆ ('ಇವೆಂಟ್ ಐಡಿ') ಇರುತ್ತದೆ. ಡಿಸ್ಟ್ರಿಬ್ಯೂಟೆಡ್‌ಕಾಮ್ 10016 ಅಂತ ಸಾಲು ಸಾಲು ಕಂಡರೆ ಅದಕ್ಕೂ ನಿಮ್ಮ ತೊಂದರೆಗೂ ಸಂಬಂಧವಿಲ್ಲ. ಘಟನೆ ನಡೆದ ಹೊತ್ತಿನ ಹಿಂದು ಮುಂದಿನ ಐದು ನಿಮಿಷ ಮಾತ್ರ ನೋಡಿ.

ಯೂಸರ್32 ಹೆಸರಲ್ಲಿ 1074 ಸಿಕ್ಕರೆ ಯಾವುದೋ ಪ್ರೋಗ್ರಾಮ್ ಕ್ರಮಬದ್ಧವಾಗಿ ರೀಸ್ಟಾರ್ಟ್ ಮಾಡಿಸಿದೆ, ಯಾವುದು ಅಂತ ಅದರಲ್ಲೇ ಬರೆದಿರುತ್ತದೆ. ಅಪ್‌ಗ್ರೇಡ್ ಆದ ಮೊದಲ ದಿನಗಳಲ್ಲಿ ಬಹಳ ಸಲ ಅದು ವಿಂಡೋಸ್ ಅಪ್‌ಡೇಟೇ ಆಗಿರುತ್ತದೆ. ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಆಕ್ಟಿವ್ ಅವರ್ಸ್' ಅನ್ನು ನಿಮ್ಮ ಕೆಲಸದ ಹೊತ್ತಿಗೆ ಹೊಂದಿಸಿದರೆ (ಗರಿಷ್ಠ 18 ಗಂಟೆ) ಆ ಕಾಟ ತಪ್ಪುತ್ತದೆ.

1074 ಇಲ್ಲದೆ ಕರ್ನಲ್-ಪವರ್ 41 ಇದ್ದರೆ ಯಂತ್ರ ಸರಿಯಾಗಿ ಮುಚ್ಚದೆ ಬಿದ್ದಿದೆ. '41 ಎರರ್ ಬಂದಿದೆ, ಏನು ಪರಿಹಾರ' ಅಂತ ಕೇಳುವವರು ಬಹಳ, ಆದರೆ 41 ಕಾಯಿಲೆಯ ಹೆಸರಲ್ಲ. ಬಿದ್ದು ಎದ್ದ ಮೇಲೆ ವಿಂಡೋಸ್ ಬರೆಯುವ ಟಿಪ್ಪಣಿ ಅಷ್ಟೇ. ಅದರ 'ಡೀಟೇಲ್ಸ್' ಪುಟದಲ್ಲಿರುವ 'ಬಗ್‌ಚೆಕ್‌ಕೋಡ್' ಸಂಖ್ಯೆ ಮುಖ್ಯ. ಅದು 0 ಇದ್ದರೆ ವಿಂಡೋಸ್‌ಗೆ ಏನಾಯಿತೆಂದು ಬರೆದಿಡಲೂ ಪುರುಸೊತ್ತು ಸಿಗಲಿಲ್ಲ: ಕರೆಂಟ್ ಕಡಿತ, ಅತಿಯಾದ ಬಿಸಿ, ಸೋತ ಬ್ಯಾಟರಿ ಅಥವಾ ಅಡಾಪ್ಟರ್, ಇಲ್ಲವೇ ಪೂರ್ತಿ ಹೆಪ್ಪುಗಟ್ಟಿ ನೀವೇ ಪವರ್ ಬಟನ್ ಒತ್ತಿ ಹಿಡಿದದ್ದು. 0 ಅಲ್ಲದಿದ್ದರೆ ಒಳ್ಳೆಯದೇ, ಸುಳಿವು ಸಿಕ್ಕಿತು. ಆ ಸಂಖ್ಯೆ ದಶಮಾನದಲ್ಲಿರುತ್ತದೆ. 278 ಎಂದರೆ ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಮಾಡಿದರೂ ಎದ್ದೇಳಲಿಲ್ಲ. 159 ಎಂದರೆ ಸ್ಲೀಪ್‌ಗೆ ಹೋಗುವಾಗ ಅಥವಾ ಏಳುವಾಗ ಒಂದು ಡ್ರೈವರ್ ಸಿಕ್ಕಿಹಾಕಿಕೊಂಡಿದೆ, ಮೊದಲ ಅನುಮಾನ ವೈ-ಫೈ ಮತ್ತು ಗ್ರಾಫಿಕ್ಸ್ ಮೇಲೆ. 209 ಎಂದರೆ ಡ್ರೈವರ್ ಮುಟ್ಟಬಾರದ ಮೆಮೊರಿ ಮುಟ್ಟಿದೆ. 26 ಪದೇ ಪದೇ ಬಂದರೆ ರ‍್ಯಾಮ್ ಪರೀಕ್ಷಿಸಿ. 122 ಎಂದರೆ ಡಿಸ್ಕಿನಿಂದ ಓದಲು ಆಗಲಿಲ್ಲ, ಎಸ್‌ಎಸ್‌ಡಿ ಕಡೆ ನೋಡಿ. 292 ಎಂದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ.

'ಕ್ರ್ಯಾಶ್ ಆದಾಗ ಬರುವ ನೀಲಿ ಪರದೆ ನಾನು ನೋಡೇ ಇಲ್ಲ' ಅನ್ನಬಹುದು. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಆ ಪರದೆಯ ಬಣ್ಣವೇ ಕಪ್ಪು, ಅದೂ ಕ್ಷಣದಲ್ಲಿ ಮಾಯವಾಗುತ್ತದೆ. ಅದನ್ನು ನಿಲ್ಲಿಸಿ ಓದಬೇಕಿದ್ದರೆ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ತೆರೆದು, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಗುರುತು ತೆಗೆಯಿರಿ. ಅಲ್ಲೇ ಡಂಪ್ (ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ಪ್ರತಿ) ಬರೆಯುವ ಆಯ್ಕೆ 'ಆಟೊಮ್ಯಾಟಿಕ್' ಅಥವಾ 'ಸ್ಮಾಲ್' ಇರಲಿ. ಪೇಜ್ ಫೈಲ್ (ಮೆಮೊರಿಗೆ ನೆರವಾಗಿ ವಿಂಡೋಸ್ ಡಿಸ್ಕ್ ಮೇಲೆ ಇಡುವ ಕಡತ) ಆಫ್ ಮಾಡಿದ್ದರೆ ಡಂಪ್ ಬೀಳುವುದಿಲ್ಲ, ಅದನ್ನು ಸಿ ಡ್ರೈವ್ ಮೇಲೆ ಆನ್ ಮಾಡಿ.

ಇನ್ನು ನಿಜವಾದ ಲಾಗೌಟ್. ವಿನ್‌ಲಾಗನ್ ಹೆಸರಲ್ಲಿ 7002 ಇದೆ, ಪಕ್ಕದಲ್ಲಿ 1074 ಆಗಲಿ 41 ಆಗಲಿ ಇಲ್ಲ ಅಂದರೆ ಲಾಗೌಟ್ ಮಾತ್ರ ಆಗಿದೆ (ಮಾಮೂಲಿ ರೀಸ್ಟಾರ್ಟ್‌ನಲ್ಲೂ 7002 ಬರುತ್ತದೆ, ಹಾಗಾಗಿ ಜೊತೆಯವರನ್ನೂ ನೋಡಬೇಕು). ಆಗ 'ಅಪ್ಲಿಕೇಶನ್' ಲಾಗ್‌ಗೆ ಹೋಗಿ ಅದೇ ನಿಮಿಷದಲ್ಲಿ 'ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್' ಅಥವಾ ಡಿಡಬ್ಲ್ಯೂಎಂ ಹೆಸರು ಇದೆಯಾ ಹುಡುಕಿ. ಪರದೆಯ ಮೇಲಿನ ಪ್ರತಿಯೊಂದು ಕಿಟಕಿಯನ್ನೂ ಜೋಡಿಸಿ ತೋರಿಸುವುದು ಈ ಪ್ರೋಗ್ರಾಮ್. ಒಮ್ಮೆ ಬಿದ್ದರೆ ಪರದೆ ಮಿನುಗಿ ಸರಿಹೋಗುತ್ತದೆ. ಮತ್ತೆ ಮತ್ತೆ ಬಿದ್ದು ಏಳಲಾರದೆ ಹೋದರೆ ವಿಂಡೋಸ್ ನಿಮ್ಮ ಸೆಶನ್ ಅನ್ನೇ ಮುಗಿಸಿ ಹೊರಗೆ ಹಾಕುತ್ತದೆ. ಅದನ್ನು ಬೀಳಿಸುವುದು ಹೆಚ್ಚಿನಂಶ ಗ್ರಾಫಿಕ್ಸ್ ಡ್ರೈವರ್. ಗ್ರಾಫಿಕ್ಸ್ ಚಿಪ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡುತ್ತದೆ, ಸಿಸ್ಟಮ್ ಲಾಗ್‌ನಲ್ಲಿ ಡಿಸ್‌ಪ್ಲೇ 4101 ಎಂದು ಬರೆಯುತ್ತದೆ. ಒಂದು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಒಂದೇ ಡ್ರೈವರ್ ದೋಷ ನಿಮಗೆ ಕೆಲವೊಮ್ಮೆ ಲಾಗೌಟ್ ಆಗಿಯೂ ಕೆಲವೊಮ್ಮೆ ಕ್ರ್ಯಾಶ್ ಆಗಿಯೂ ಕಾಣುವುದು ಹೀಗೆ. ನಿಮ್ಮ ವಿವರಣೆ ಓದಿದರೆ ನನ್ನ ಮೊದಲ ಅನುಮಾನ ಇದರ ಮೇಲೇ.

ಅಪ್‌ಗ್ರೇಡ್ ಹೊಸ ವಿಂಡೋಸ್ ತಂದರೂ ಹಳೆಯ ಡ್ರೈವರ್‌ಗಳನ್ನು ಗಂಟುಮೂಟೆ ಕಟ್ಟಿ ಜೊತೆಗೆ ಕರೆದುಕೊಂಡು ಬರುತ್ತದೆ. ಆ ಮೇಲೆ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ಹಾಕುತ್ತದೆ. ಇದನ್ನು ಬುಡದಿಂದ ಸ್ವಚ್ಛ ಮಾಡಬೇಕು. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಅದೇ ಮಾಡೆಲ್‌ನ ವಿಂಡೋಸ್ 11 ಗ್ರಾಫಿಕ್ಸ್ ಡ್ರೈವರ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. 'ಡ್ರೈವರ್‌ಗಳನ್ನು' ಎಂದು ಬಹುವಚನ ಬಳಸಿದ್ದು ಬೇಕೆಂದೇ: ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಚಿತ್ರಿಸುವುದು ಪ್ರೊಸೆಸರ್ ಒಳಗಿರುವ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್. ಎನ್‌ವಿಡಿಯಾ ಒಂದನ್ನೇ ಮೂರು ಮೂರು ಸಲ ಹಾಕಿ 'ಸರಿಹೋಗಲಿಲ್ಲ' ಅನ್ನುವವರು ಎಡವುವುದು ಇಲ್ಲಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನವನ್ನೂ ಇಳಿಸಿ, ನಂತರ ಇಂಟರ್‌ನೆಟ್ ಕಡಿದುಹಾಕಿ. ಇಲ್ಲದಿದ್ದರೆ ನೀವು ತೆಗೆದ ಮರುಕ್ಷಣವೇ ವಿಂಡೋಸ್ ಅಪ್‌ಡೇಟ್ ತನ್ನದನ್ನು ತುರುಕುತ್ತದೆ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಬರುತ್ತದೆ. ಅಲ್ಲಿ ಪಿನ್ ಒಪ್ಪದೆ ಇರಬಹುದು, ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ (ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ಎರಡೂ ಗ್ರಾಫಿಕ್ಸ್ ಡ್ರೈವರ್ ಅಳಿಸಿ, ಮಾಮೂಲಿಯಾಗಿ ಬೂಟ್ ಮಾಡಿ, ಮೊದಲು ಪ್ರೊಸೆಸರ್ ಗ್ರಾಫಿಕ್ಸ್, ಆಮೇಲೆ ಎನ್‌ವಿಡಿಯಾ ಹಾಕಿ, ಕೊನೆಗೆ ಇಂಟರ್‌ನೆಟ್ ಜೋಡಿಸಿ.

ಇದಾದ ಮೇಲೆ ಎರಡು ದಿನ ಬೇರೇನನ್ನೂ ಬದಲಿಸದೆ ಬಳಸಿ. ಒಂದೇ ದಿನ ನಾಲ್ಕು ಬದಲಾವಣೆ ಮಾಡಿದರೆ ಯಾವುದು ಗುಣ ಮಾಡಿತು, ಯಾವುದು ಕೆಡಿಸಿತು ಗೊತ್ತಾಗುವುದಿಲ್ಲ.

ಕೋಡ್ 209 ಅಥವಾ 159 ಇದ್ದು ಯಾವ ಡ್ರೈವರ್ ಅಂತ ತಿಳಿಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಡಂಪ್ ಓದುವ ಸಾಧನ ವಿನ್‌ಡಿಬಿಜಿ ಹಾಕಿಕೊಳ್ಳಿ, ಉಚಿತ. ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್‌ನಲ್ಲಿರುವ ಕಡತ ತೆರೆದು '!ಅನಲೈಜ್ -ವಿ' ಕೊಟ್ಟರೆ 'ಇಮೇಜ್ ನೇಮ್' ಎಂಬ ಸಾಲಿನಲ್ಲಿ ಹೆಸರು ಬರುತ್ತದೆ. ಅಲ್ಲಿ ವಿಂಡೋಸ್‌ನ ತಿರುಳಾದ ಕರ್ನಲ್ ಹೆಸರೇ ಬಂದರೆ ಅದನ್ನು ನಂಬಬೇಡಿ, ಅದು ಶವ ಸಿಕ್ಕ ಜಾಗ ಮಾತ್ರ. ಮೂರು ನಾಲ್ಕು ಡಂಪ್‌ಗಳಲ್ಲಿ ಒಂದೇ ಹೊರಗಿನ ಹೆಸರು ಮರುಕಳಿಸಿದರೆ ಅದೇ ಅಪರಾಧಿ. ಬೇರೆ ಕಂಪನಿಯ ಹಳೆಯ ಆಂಟಿವೈರಸ್, ವಿಪಿಎನ್, ಫ್ಯಾನ್ ಮತ್ತು ದೀಪ ನಿಯಂತ್ರಿಸುವ ತಂತ್ರಾಂಶಗಳು ಈ ಪಟ್ಟಿಯಲ್ಲಿ ಸದಾ ಇರುತ್ತವೆ, ಪರೀಕ್ಷೆಗಾಗಿ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಡ್ರೈವರ್ ವೆರಿಫೈಯರ್ ಬಳಸಿ ಅಂತ ಯಾರಾದರೂ ಹೇಳಿದರೆ ಈಗಲೇ ಬೇಡ. ಅದು ಬೇಕೆಂದೇ ಕ್ರ್ಯಾಶ್ ಮಾಡಿಸುತ್ತದೆ, ಬೂಟ್ ಆಗದ ಸ್ಥಿತಿಗೂ ತರಬಲ್ಲದು.

ವಿಂಡೋಸ್ ಕಡತಗಳೇ ಕೆಟ್ಟಿರುವ ಅನುಮಾನಕ್ಕೆ ಎರಡು ಆಜ್ಞೆ, ಇದೇ ಕ್ರಮದಲ್ಲಿ: ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರೀಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ಮೊದಲನೆಯದು ಬಿಡಿಭಾಗಗಳ ಉಗ್ರಾಣ ಸರಿಮಾಡುತ್ತದೆ, ಎರಡನೆಯದು ಅಲ್ಲಿಂದ ತಂದು ಕೆಟ್ಟದ್ದನ್ನು ಬದಲಿಸುತ್ತದೆ. ಉಗ್ರಾಣವೇ ಹಾಳಾಗಿದ್ದರೆ ಎರಡನೆಯದನ್ನು ಮೊದಲು ಓಡಿಸಿ ಪ್ರಯೋಜನವಿಲ್ಲ. ಮೊದಲನೆಯದು 62 ಶೇಕಡದ ಆಸುಪಾಸಿನಲ್ಲಿ ನಿಂತಂತೆ ಕಂಡರೂ ಕಾಯಿರಿ.

ಲಾಗಿನ್ ಆದ ಮೇಲೆ ಡೆಸ್ಕ್‌ಟಾಪ್ ಖಾಲಿ, ಕಡತಗಳೇ ಇಲ್ಲ ಅನಿಸಿದ್ದರೆ ಅದು ಬೇರೆ ರೋಗ. ಅಪ್ಲಿಕೇಶನ್ ಲಾಗ್‌ನಲ್ಲಿ ಯೂಸರ್ ಪ್ರೊಫೈಲ್ ಸರ್ವಿಸ್ 1511 ಇದ್ದರೆ ನೀವು ತಾತ್ಕಾಲಿಕ ಪ್ರೊಫೈಲ್‌ನಲ್ಲಿದ್ದೀರಿ. ಅಲ್ಲಿ ಉಳಿಸಿದ್ದು ಲಾಗೌಟ್ ಆದಾಗ ಅಳಿಸಿಹೋಗುತ್ತದೆ, ಅಲ್ಲಿ ಕೆಲಸ ಮಾಡಬೇಡಿ. ನಿಮ್ಮ ಹಳೆಯ ಕಡತಗಳು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತವೆ.

ಕೋಡ್ 0, 26 ಅಥವಾ 292 ಬರುತ್ತಿದ್ದರೆ ಅಪ್‌ಗ್ರೇಡನ್ನು ಬೈಯುವ ಮೊದಲು ಹಾರ್ಡ್‌ವೇರ್ ನೋಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ನಂಬಿಕೆಗೆ ಅರ್ಹವಲ್ಲ. ಬಯೋಸ್‌ನ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಹೊಸ ಆವೃತ್ತಿ ಇದ್ದರೆ ಹಾಕಿ, ಆದರೆ ಅದಕ್ಕೆ ಮುನ್ನ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಚಾರ್ಜರ್ ಜೋಡಿಸಿರಲಿ.

ಎಲ್ಲಾ ಮಾಡಿಯೂ ನಿಲ್ಲದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ 'ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್' ಎಂಬಲ್ಲಿ 'ರೀಇನ್‌ಸ್ಟಾಲ್ ನೌ' ಒತ್ತಿ. ನಿಮ್ಮ ಕಡತ, ಪ್ರೋಗ್ರಾಮ್, ಸೆಟ್ಟಿಂಗ್ ಉಳಿಸಿಕೊಂಡೇ ವಿಂಡೋಸ್ ತನ್ನನ್ನು ಮತ್ತೆ ಹಾಕಿಕೊಳ್ಳುತ್ತದೆ. ಅದೇ ಪುಟದ 'ಗೋ ಬ್ಯಾಕ್' ಒತ್ತಿ ವಿಂಡೋಸ್ 10ಕ್ಕೆ ಮರಳಲೂಬಹುದು, ಆದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ನಾನಾದರೆ ಅದನ್ನು ಪರೀಕ್ಷೆಗೆ ಮಾತ್ರ ಬಳಸುತ್ತೇನೆ: ಅಲ್ಲೂ ಕ್ರ್ಯಾಶ್ ಆದರೆ ದೋಷ ಯಂತ್ರದ್ದು.

ಮುಂದಿನ ಸಲ ಆದಾಗ ಅಪ್ ಟೈಮ್ ಎಷ್ಟಿತ್ತು, 41ರ ಬಗ್‌ಚೆಕ್‌ಕೋಡ್ ಏನು, 4101 ಇತ್ತೇ ಎನ್ನುವುದನ್ನು ಇಲ್ಲೇ ಕೆಳಗೆ ಹಾಕಿ. ಜೊತೆಗೆ ಲ್ಯಾಪ್‌ಟಾಪ್ ಮಾಡೆಲ್, ಎರಡೂ ಗ್ರಾಫಿಕ್ಸ್ ಡ್ರೈವರ್‌ಗಳ ಆವೃತ್ತಿ ಸಂಖ್ಯೆ ಬರೆಯಿರಿ.